ನ್ಯಾಯಾಸನದ ಮುಂದೆ ಲೋಕಮಾನ್ಯ ತಿಲಕರು

ಪ್ರತಿ ವರ್ಷ ಆಗಸ್ಟ್ 1ರಂದು ಈ ಪ್ರಾಂತದ ಶಾಲೆಗಳಲ್ಲಿ ಲೋಕಮಾನ್ಯ ಬಾಳ ಗಂಗಾಧರ ತಿಲಕರ ಪುಣ್ಯತಿಥಿಯನ್ನು ಆಚರಿಸುತ್ತಾರೆ. ಕನ್ನಡ ಮಾಧ್ಯಮದ ನಮ್ಮ ಶಾಲೆಗಳೂ ಇದಕ್ಕೆ ಹೊರತಲ್ಲ. ಪುಟ್ಟ ಮಕ್ಕಳು ವೇದಿಕೆಯ ಮೇಲೆ ನಿಂತು ಶೇಂಗಾ ಸಿಪ್ಪೆಯ ಕಥೆಯನ್ನು ಹೇಳುತ್ತಾರೆ, ಚಪ್ಪಾಳೆ ಗಿಟ್ಟಿಸುತ್ತಾರೆ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಆ ಕಥೆಯನ್ನು ಬಾಯಿಪಾಠ ಮಾಡಿ ಒಪ್ಪಿಸಿದವರೇ. ಆದರೆ ತಮ್ಮ ಮೇಲಿನ ಆಪಾದನೆಯನ್ನು ಆ ಮಹಾಪುರುಷರು ನಿಜವಾದ ನ್ಯಾಯಾಲಯದಲ್ಲಿ ಹೇಗೆ ಎದುರಿಸಿದರು, ಯಾರ ಮುಂದೆ ವಾದಿಸಿದರು, ಅವರ ಮಾತು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದನ್ನು ನಾವು ಅಷ್ಟಾಗಿ ಓದಿಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ, ಕಚೇರಿಯಲ್ಲಿ ಮತ್ತೊಂದು ಭಾಷೆ ಆಡುತ್ತ ಬೆಳೆದ ಗಡಿಭಾಗದ ನಮಗೆ ಆ ಚರಿತ್ರೆಯು ಉಳಿದವರಿಗಿಂತ ಬೇಗ ಅರ್ಥವಾಗುವಂಥದು. ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ತಿಲಕರ ಜೀವನವನ್ನು ನ್ಯಾಯಾಲಯದ ಬಾಗಿಲಿನಿಂದ ನೋಡಲು ಯತ್ನಿಸಿದ್ದೇವೆ.

ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ಕೊಂಕಣದ ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲಾ ಶಿಕ್ಷಕರು. ಸಂಸ್ಕೃತ ಮತ್ತು ಗಣಿತಗಳಲ್ಲಿ ಒಳ್ಳೆಯ ಪರಿಶ್ರಮವಿದ್ದವರು. ಮಗನಿಗೆ ಹತ್ತು ವರ್ಷವಾದಾಗ ಕುಟುಂಬವು ಪುಣೆಗೆ ಬಂದಿತು. ಹದಿನಾರನೆಯ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡರು. ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ಓದಿ ಪದವಿ ಪಡೆದ ಮೇಲೆ 1879ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಇಂತಹ ಯುವಕನಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದೇ ಇತ್ತು. ವಕೀಲಿ ಮಾಡಿದ್ದರೂ ಹಣಕ್ಕೆ ಕೊರತೆಯಾಗುತ್ತಿರಲಿಲ್ಲ. ಅವರು ಎರಡನ್ನೂ ಬಿಟ್ಟು ಶಿಕ್ಷಕರಾದರು. 1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು. ಗೋಪಾಳ ಗಣೇಶ ಆಗರಕರರೂ ಬಂದು ಕೂಡಿಕೊಂಡರು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಸ್ಥಾಪನೆಯಾದವು. ಜನರೇ ಕಟ್ಟಿ ಜನರೇ ನಡೆಸಿದ ನಮ್ಮಂತಹ ಶಾಲೆಗಳಿಗೆ ಈ ಸಾಹಸವು ಹಿರಿಯಣ್ಣನಂತಿದೆ.

ಶಾಲೆಯ ಜೊತೆಗೇ 1881ರ ಜನವರಿಯಲ್ಲಿ ಮರಾಠಿಯ ಕೇಸರಿ ಮತ್ತು ಇಂಗ್ಲಿಷಿನ ಮರಾಠಾ ಪತ್ರಿಕೆಗಳು ಹುಟ್ಟಿದವು. ಮೊದಲ ಮೊಕದ್ದಮೆ ಬಂದದ್ದೂ ಈ ಪತ್ರಿಕೆಗಳಿಂದಲೇ. ಕೊಲ್ಹಾಪುರದ ಎಳೆಯ ಮಹಾರಾಜರನ್ನು ಅಲ್ಲಿಯ ಕಾರಭಾರಿ ಮಾಧವರಾವ್ ಬರ್ವೆಯವರು ಪೀಡಿಸುತ್ತಿರುವರೆಂದು ಪತ್ರಿಕೆಗಳು ಬರೆದವು. ಆಧಾರವಾಗಿ ಸಿಕ್ಕಿದ್ದ ಕಾಗದಗಳು ನ್ಯಾಯಾಲಯದಲ್ಲಿ ಕೃತ್ರಿಮವೆಂದು ಸಿದ್ಧವಾದವು. ಕ್ಷಮೆ ಕೇಳಿದರೂ ಶಿಕ್ಷೆ ತಪ್ಪಲಿಲ್ಲ. 1882ರಲ್ಲಿ ತಿಲಕರಿಗೂ ಆಗರಕರರಿಗೂ ನಾಲ್ಕು ತಿಂಗಳ ಸಾದಾ ಸೆರೆಯಾಯಿತು. ಮುಂಬಯಿಯ ಡೋಂಗ್ರಿ ಜೈಲಿನಲ್ಲಿ ಅವರು ನೂರೊಂದು ದಿನ ಕಳೆದರು. ಈ ಪ್ರಸಂಗವನ್ನು ನಾವು ಮುಚ್ಚಿಡಬೇಕಾಗಿಲ್ಲ. ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಪುರಾವೆ ಗಟ್ಟಿಯಾಗಿಲ್ಲದಿದ್ದರೆ ಮಾತು ನಿಲ್ಲದು ಎಂಬ ಪಾಠವನ್ನು ಕಾನೂನು ಓದಿದ್ದ ಯುವಕರು ಅಂದು ಜೈಲಿನಲ್ಲಿ ಕಲಿತರು. ಮುಂದೆ ತಿಲಕರು ಯಾವ ಮೊಕದ್ದಮೆಗೆ ಹೋದರೂ ಕಾಗದಪತ್ರಗಳ ಗಂಟು ಅವರ ಜೊತೆಗಿರುತ್ತಿತ್ತು.

1890ರಲ್ಲಿ ಸಹೋದ್ಯೋಗಿಗಳೊಡನೆ ಭಿನ್ನಾಭಿಪ್ರಾಯವಾಗಿ ಅವರು ಸೊಸೈಟಿಯನ್ನು ಬಿಟ್ಟರು. ಹೊಟ್ಟೆಪಾಡಿಗಾಗಿ ವಕೀಲಿ ಪರೀಕ್ಷೆಗೆ ಕೂಡುವವರಿಗೆ ಪಾಠ ಹೇಳುವ ಕಾನೂನಿನ ತರಗತಿಯನ್ನು ನಡೆಸಿದರು. ಹೀಗೆ ಕಪ್ಪು ಕೋಟು ತೊಟ್ಟು ವೃತ್ತಿ ನಡೆಸದ ತಿಲಕರು ಎಷ್ಟೋ ವಕೀಲರಿಗೆ ಗುರುಗಳಾದರು. ಇದೇ ಕಾಲದಲ್ಲಿ ಅವರು 1891ರ ಸಮ್ಮತಿ ವಯಸ್ಸಿನ ಮಸೂದೆಯನ್ನು ವಿರೋಧಿಸಿದರು. ಹೆಣ್ಣುಮಕ್ಕಳ ಶಿಕ್ಷಣದ ವಿಷಯದಲ್ಲಿಯೂ ಅವರ ನಿಲುವು ಹಿಂದಿನ ಕಾಲದ್ದೇ ಆಗಿತ್ತು. ಗಂಡುಹೆಣ್ಣೆನ್ನದೆ ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂಡಿಸಿ ಕಲಿಸಿದ ನಾವು ಈ ಒಂದು ಮಾತಿನಲ್ಲಿ ಅವರನ್ನು ಹಿಂಬಾಲಿಸಲಾರೆವು.

ಇನ್ನು ಜ್ಯೂರಿಯ ಮಾತಿಗೆ ಬರೋಣ. ಇಂದಿನ ನಮ್ಮ ಮಕ್ಕಳು ಜ್ಯೂರಿಯನ್ನು ಸಿನಿಮಾದಲ್ಲಿ ಮಾತ್ರ ಕಂಡಿರುತ್ತಾರೆ. ಆಗ ಮುಂಬಯಿ ಹೈಕೋರ್ಟಿನ ಸೆಷನ್ಸ್ ವಿಚಾರಣೆಯಲ್ಲಿ ನ್ಯಾಯಾಧೀಶರ ಜೊತೆಗೆ ಒಂಬತ್ತು ಮಂದಿ ಪಂಚರು ಕೂಡುತ್ತಿದ್ದರು. ಸಾಕ್ಷ್ಯವನ್ನು ಕೇಳಿ ಆರೋಪಿ ದೋಷಿಯೋ ನಿರ್ದೋಷಿಯೋ ಎಂದು ಹೇಳುವುದು ಅವರ ಕೆಲಸ. ಒಂಬತ್ತೂ ಮಂದಿ ಒಮ್ಮತದಿಂದ ಹೇಳಬೇಕೆಂಬ ನಿಯಮವಿರಲಿಲ್ಲ. ಕನಿಷ್ಠ ಆರು ಮಂದಿ ಒಂದು ಮಾತು ಹೇಳಿ ನ್ಯಾಯಾಧೀಶರು ಅದಕ್ಕೆ ಒಪ್ಪಿದರೆ ಸಾಕಾಗುತ್ತಿತ್ತು. ಆದುದರಿಂದ ಆ ಒಂಬತ್ತು ಕುರ್ಚಿಗಳಲ್ಲಿ ಯಾರು ಕೂಡುತ್ತಾರೆ ಎಂಬುದರ ಮೇಲೆಯೇ ಅರ್ಧ ಮೊಕದ್ದಮೆ ನಿಂತಿತ್ತು.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಪ್ಲೇಗು ನಿವಾರಣೆಯ ಅಧಿಕಾರಿ ರ್‍ಯಾಂಡ್ ಕೈಕೊಂಡ ಕಠೋರ ಕ್ರಮಗಳಿಂದ ಊರು ನೊಂದಿತು. ಜೂನ್ 22ರ ರಾತ್ರಿ ಅವನ ಮೇಲೆ ಗುಂಡು ಹಾರಿತು. ಅದಕ್ಕೆ ಒಂದು ವಾರ ಮೊದಲು ಕೇಸರಿಯಲ್ಲಿ ಶಿವಾಜಿ ಉತ್ಸವದ ವರದಿ ಬಂದಿತ್ತು. ಅಫಜಲಖಾನನ ವಧೆಯ ಕುರಿತ ಭಾಷಣವೂ, ಶಿವಾಜಿಯ ಬಾಯಿಂದ ಆಡಿಸಿದ ಒಂದು ಪದ್ಯವೂ ಅದರಲ್ಲಿದ್ದವು. ಜುಲೈ 27ರಂದು ರಾಜದ್ರೋಹದ ಆರೋಪದ ಮೇಲೆ ತಿಲಕರನ್ನು ಬಂಧಿಸಿದರು. ಮೊದಲು ಜಾಮೀನು ಸಿಗಲಿಲ್ಲ. ಬಳಿಕ ಬ್ಯಾರಿಸ್ಟರ್ ದಿನ್ಶಾ ದಾವರರು ವಾದಿಸಿದಾಗ ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರು ಜಾಮೀನು ಕೊಟ್ಟರು. ದಾವರರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ವಿಚಾರಣೆ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ನಡೆಯಿತು. ಜ್ಯೂರಿಯಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು. ರಾಜದ್ರೋಹದ ಕಲಮಿನ ಜೀವಾಳವಾಗಿದ್ದ ಇಂಗ್ಲಿಷ್ ಶಬ್ದಕ್ಕೆ ನ್ಯಾಯಾಧೀಶರು ಪ್ರೀತಿಯ ಅಭಾವವೆಂದರೆ ಸಾಕು ಎಂಬ ಅರ್ಥವನ್ನು ಜ್ಯೂರಿಗೆ ತಿಳಿಸಿದರು. ಆ ಅರ್ಥದ ಪ್ರಕಾರ ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ಅಪರಾಧ! ಆರು ಮಂದಿ ದೋಷಿ ಎಂದರು, ಮೂವರು ಅಲ್ಲವೆಂದರು. ಬೇಕಾದದ್ದು ಆರೇ, ಆರೇ ಸಿಕ್ಕಿತು. ಹದಿನೆಂಟು ತಿಂಗಳ ಕಠಿಣ ಸೆರೆವಾಸದ ಶಿಕ್ಷೆಯಾಯಿತು. ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಅವರ ಪರವಾಗಿ ವಾದಿಸಿದವರು ಆಸ್ಕ್ವಿತ್. ಅಪೀಲಿಗೆ ಅನುಮತಿ ದೊರೆಯಲಿಲ್ಲ. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರ ಮನವಿಯ ಮೇರೆಗೆ ಒಂದು ವರ್ಷದ ತರುವಾಯ ಬಿಡುಗಡೆಯಾಯಿತು.

ನಡುವೆ ತಾಯಿ ಮಹಾರಾಜ ಪ್ರಕರಣವೆಂಬ ದತ್ತಕದ ವ್ಯಾಜ್ಯವೊಂದು ಬಂದಿತು. ತೀರಿಕೊಂಡ ಸ್ನೇಹಿತರೊಬ್ಬರ ಮೃತ್ಯುಪತ್ರದ ಹೊಣೆಯನ್ನು ಹೊತ್ತ ತಿಲಕರು ಸಾಕ್ಷಿ ಹೇಳಿದರು. ಆ ಸಾಕ್ಷ್ಯವೇ ಸುಳ್ಳೆಂದು ಅವರ ಮೇಲೆ ಮೊಕದ್ದಮೆ ಹೂಡಲಾಯಿತು. 1903ರಲ್ಲಿ ಕೆಳಗಿನ ನ್ಯಾಯಾಲಯವು ಹದಿನೆಂಟು ತಿಂಗಳ ಶಿಕ್ಷೆ ವಿಧಿಸಿತು; ಮೊದಲ ಅಪೀಲಿನಲ್ಲಿ ಅದು ಆರು ತಿಂಗಳಿಗೆ ಇಳಿಯಿತು; 1904ರ ಮಾರ್ಚಿನಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ಅವರು ಅದನ್ನು ಪೂರ್ತಿಯಾಗಿ ತೆಗೆದುಹಾಕಿದರು. ದತ್ತಕವು ನಡೆದದ್ದು ನಿಜವೆಂದು ಪ್ರಿವಿ ಕೌನ್ಸಿಲ್ 1915ರಲ್ಲಿ ಹೇಳಿತು. ಸತ್ತ ಸ್ನೇಹಿತನಿಗೆ ಕೊಟ್ಟ ಮಾತಿಗಾಗಿ ಹದಿನೈದು ವರ್ಷಗಳ ಸಮೀಪದ ಹೋರಾಟವದು.

ಅವರ ಜೀವನದ ದೊಡ್ಡ ಪರೀಕ್ಷೆ ಬಂದದ್ದು 1908ರಲ್ಲಿ. ಏಪ್ರಿಲ್ 30ರಂದು ಬಿಹಾರದ ಮುಜಫ್ಫರಪುರದಲ್ಲಿ ಬಾಂಬು ಸಿಡಿದು ಇಬ್ಬರು ಆಂಗ್ಲ ಮಹಿಳೆಯರು ಸತ್ತರು. ಕೇಸರಿಯ ಲೇಖನಗಳು ಈ ಕೃತ್ಯವನ್ನು ದೇಶದ ದುರ್ದೈವವೆಂದು ಕರೆದವು. ಆದರೆ ಇದಕ್ಕೆ ಮೂಲಕಾರಣ ಸರ್ಕಾರದ ದಬ್ಬಾಳಿಕೆಯೆಂದೂ, ಇನ್ನಷ್ಟು ದಬ್ಬಾಳಿಕೆಯು ಬಾಳಿಕೆಯ ಉಪಾಯವಲ್ಲವೆಂದೂ ವಾದಿಸಿದವು. ಮೇ 12 ಮತ್ತು ಜೂನ್ 9ರ ಎರಡು ಲೇಖನಗಳ ಮೇಲೆ ಆರೋಪ ಹೊರಿಸಿ ಜೂನ್ 24ರಂದು ಮುಂಬಯಿಯಲ್ಲಿ ಅವರನ್ನು ಹಿಡಿದರು. ಪುಣೆಯ ಮನೆಯನ್ನು ಶೋಧಿಸಿದಾಗ ಸ್ಫೋಟಕಗಳ ಕುರಿತ ಎರಡು ಪುಸ್ತಕಗಳ ಹೆಸರನ್ನು ಬರೆದ ಒಂದು ಕಾರ್ಡು ಸಿಕ್ಕಿತು, ಅದೂ ಪುರಾವೆಯಾಯಿತು. ಆ ವೇಳೆಗೆ ದಾವರರು ನ್ಯಾಯಾಧೀಶರಾಗಿದ್ದರು. ಮಹಮದಲಿ ಜಿನ್ನಾ ಅವರು ಜಾಮೀನು ಬೇಡಿದಾಗ, ಹನ್ನೊಂದು ವರ್ಷಗಳ ಹಿಂದೆ ಇದೇ ಆರೋಪಿಗಾಗಿ ಜಾಮೀನು ಬೇಡಿದ್ದ ದಾವರರು ಅದನ್ನು ನಿರಾಕರಿಸಿದರು.

ಸರ್ಕಾರದ ಪಕ್ಷವು ಸ್ಪೆಶಲ್ ಜ್ಯೂರಿ ಬೇಕೆಂದು ಕೇಳಿತು. ಸ್ಪೆಶಲ್ ಜ್ಯೂರಿಯೆಂದರೆ ಸಂಪತ್ತು ಮತ್ತು ಸ್ಥಾನಮಾನಗಳುಳ್ಳವರ ಪಟ್ಟಿಯಿಂದ ಆರಿಸಿದ ಪಂಚರು. ಆ ಪಟ್ಟಿಯಲ್ಲಿ ಯುರೋಪಿಯನ್ನರದೇ ಮೇಲುಗೈ. ತಿಲಕರ ಪಕ್ಷದ ತಕರಾರು ಸರಳವಾಗಿತ್ತು: ಲೇಖನಗಳು ಮರಾಠಿಯಲ್ಲಿವೆ; ಅವನ್ನು ಓದಿ ಯಾರಾದರೂ ಕೆರಳಿದರೆ ಕೆರಳಬೇಕಾದವರು ಮರಾಠಿ ಓದುಗರು; ಮರಾಠಿ ಬಲ್ಲವರೇ ಪಂಚರಾಗಿ ಕೂಡಬೇಕು. ನ್ಯಾಯಾಧೀಶರು ಸರ್ಕಾರದ ಬೇಡಿಕೆಯನ್ನೇ ಮನ್ನಿಸಿದರು. ಪಂಚರ ಹೆಸರು ಕೂಗಿದಾಗ ಕೆಲವರ ಬಗ್ಗೆ ತಕರಾರು ಎತ್ತುವ ಹಕ್ಕು ಕಾನೂನಿನಲ್ಲಿ ಆರೋಪಿಗೂ ಇತ್ತು. ಆದರೆ ಚೀಲದ ತುಂಬ ಒಂದೇ ಬಗೆಯ ಕಾಳಿರುವಾಗ ನಾಲ್ಕು ಕಾಳು ಆಚೆ ಎಸೆದು ಫಲವೇನು? ಕೊನೆಗೆ ಕೂತವರು ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಪುಣೆಯ ಓದುಗನಿಗಾಗಿ ಬರೆದ ಮರಾಠಿ ವಾಕ್ಯಗಳನ್ನು ಅವರು ಇಂಗ್ಲಿಷ್ ಭಾಷಾಂತರದ ಮೂಲಕ ತೂಗಬೇಕಾಯಿತು.

ಜುಲೈ 13ರಂದು ವಿಚಾರಣೆ ಆರಂಭವಾಯಿತು. ತಿಲಕರು ಬ್ಯಾರಿಸ್ಟರರನ್ನು ನಿಲ್ಲಿಸದೆ ತಾವೇ ವಾದಿಸಿದರು. ಇಲ್ಲಿ ನಾವು ಅವರ ಸಿದ್ಧತೆಯನ್ನು ಗಮನಿಸಬೇಕು. ಮೊದಲನೆಯದಾಗಿ, ಸರ್ಕಾರದ ಭಾಷಾಂತರ ಕಚೇರಿಯಿಂದ ಬಂದ ಸಾಕ್ಷಿಯನ್ನು ಅವರೇ ಪಾಟೀಸವಾಲಿಗೆ ಒಳಪಡಿಸಿದರು. ಒಂದೊಂದು ಮರಾಠಿ ಶಬ್ದವನ್ನೂ ಎತ್ತಿಕೊಂಡು, ಇದಕ್ಕೆ ಇದಕ್ಕಿಂತ ಸೌಮ್ಯವಾದ ಇಂಗ್ಲಿಷ್ ಶಬ್ದವಿಲ್ಲವೇ, ನಿಘಂಟು ಏನು ಹೇಳುತ್ತದೆ ಎಂದು ತಾಳ್ಮೆಯಿಂದ ಕೇಳುತ್ತ ಹೋದರು. ಸಾಕ್ಷಿಯನ್ನು ಗದರಿಸಿ ಗೆಲ್ಲುವ ಹವಣಿಕೆ ಅದರಲ್ಲಿರಲಿಲ್ಲ. ಭಾಷಾಂತರವು ಮೂಲದ ಪ್ರತಿಬಿಂಬವಲ್ಲ, ಅದೂ ಒಬ್ಬನ ಅಭಿಪ್ರಾಯವೇ ಎಂದು ಪಂಚರಿಗೆ ತೋರಿಸಿಕೊಡುವುದು ಉದ್ದೇಶವಾಗಿತ್ತು. ಎರಡನೆಯದಾಗಿ, ಸ್ಫೋಟಕಗಳ ಪುಸ್ತಕದ ಕಾರ್ಡಿಗೆ ಅವರು ನೇರವಾದ ವಿವರಣೆ ಕೊಟ್ಟರು: ಆಗಷ್ಟೇ ಬಂದ ಸ್ಫೋಟಕಗಳ ಕಾಯಿದೆಯ ಮೇಲೆ ಬರೆಯಬೇಕಾಗಿತ್ತು, ಅದಕ್ಕಾಗಿ ಪುಸ್ತಕಗಳ ಹೆಸರನ್ನು ಗುರುತು ಹಾಕಿಕೊಂಡಿದ್ದೆ ಎಂದರು. ಮೂರನೆಯದಾಗಿ, ತಮ್ಮ ಲೇಖನಗಳು ಒಂಟಿ ಕೂಗಲ್ಲ, ಆ ದಿನಗಳ ದೊಡ್ಡ ವಾಗ್ವಾದದಲ್ಲಿ ಎದುರು ಪಕ್ಷದ ಪತ್ರಿಕೆಗಳಿಗೆ ಕೊಟ್ಟ ಉತ್ತರ ಎಂದು ತೋರಿಸಲು ಹತ್ತಾರು ಪತ್ರಿಕೆಗಳನ್ನು ಹಾಜರುಪಡಿಸಿದರು. ಇದಕ್ಕೆ ಬೆಲೆಯನ್ನೂ ತೆತ್ತರು. ಹಾಗೆ ಕಾಗದಗಳನ್ನು ಹಾಜರುಪಡಿಸಿದ್ದರಿಂದ ಕೊನೆಯಲ್ಲಿ ಮಾತಾಡುವ ಹಕ್ಕು ಸರ್ಕಾರದ ಪಕ್ಷಕ್ಕೆ ಹೋಯಿತು.

ಜುಲೈ 15ರ ಸಂಜೆ ಆರಂಭವಾದ ಅವರ ವಾದ 22ರವರೆಗೆ ಮುಂದುವರಿಯಿತು. ಒಟ್ಟು ಇಪ್ಪತ್ತೊಂದು ಗಂಟೆಗಳಿಗೂ ಮಿಕ್ಕಿತ್ತು. ಅದರ ಸಾರವನ್ನು ನಾವು ಹೀಗೆ ಗ್ರಹಿಸಬಹುದು. ಮರಾಠಿಯಲ್ಲಿ ರಾಜಕಾರಣದ ಶಬ್ದಗಳು ಇನ್ನೂ ಹದಗೊಳ್ಳುತ್ತಿವೆ. ಇಂಗ್ಲಿಷಿನ ವಿಚಾರಕ್ಕೆ ನಾವು ಹೊಸದಾಗಿ ಟಂಕಿಸಿದ ಶಬ್ದವನ್ನು ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತಂದಾಗ ಅದು ಮೂಲದಲ್ಲಿ ಇಲ್ಲದ ಉಗ್ರತೆಯನ್ನು ಪಡೆಯುತ್ತದೆ. ಬರೆದವನ ಉದ್ದೇಶವೇನೆಂಬುದನ್ನು ಬಿಡಿ ಶಬ್ದಗಳಿಂದ ಅಳೆಯದೆ, ಇಡೀ ಲೇಖನದಿಂದಲೂ ಸಂದರ್ಭದಿಂದಲೂ ತಿಳಿಯಬೇಕು. ಇಂಗ್ಲೆಂಡಿನಲ್ಲಿ ಪತ್ರಿಕಾ ಸ್ವಾತಂತ್ರ್ಯವನ್ನು ಉಳಿಸಿದವರು ಜ್ಯೂರಿಗಳು. 1792ರ ಫಾಕ್ಸ್‌ನ ಕಾಯಿದೆಯು ಅಲ್ಲಿ ಇಂತಹ ಮೊಕದ್ದಮೆಗಳ ಪೂರ್ಣ ತೀರ್ಮಾನವನ್ನು ಪಂಚರ ಕೈಗೆ ಕೊಟ್ಟಿತು. ಇಲ್ಲಿಯ ಪಂಚರೂ ಸರ್ಕಾರಕ್ಕೂ ಪ್ರಜೆಗೂ ನಡುವೆ ನಿಲ್ಲಬೇಕು. ಆಂಗ್ಲ ಪಂಚರಿಗೆ ಅವರ ಹಿರಿಯರ ಕೀರ್ತಿಯನ್ನೇ ನೆನಪಿಸಿ ನ್ಯಾಯ ಕೇಳಿದ ಈ ಕ್ರಮದಲ್ಲಿ ಜಾಣ್ಮೆಯಿತ್ತು, ಗೌರವವೂ ಇತ್ತು.

ಕಟ್ಟಕಡೆಯ ದಿನ ನ್ಯಾಯಾಲಯವು ರಾತ್ರಿಯವರೆಗೆ ಕೂತಿತು. ಎಂಟು ಗಂಟೆಯ ಸುಮಾರಿಗೆ ಒಳಗೆ ಹೋದ ಪಂಚರು ಒಂದು ಗಂಟೆಗೆ ತುಸು ಹೆಚ್ಚಿನ ಅವಧಿಯಲ್ಲಿ ಹೊರಬಂದರು. ಏಳು ಮಂದಿ ದೋಷಿ ಎಂದರು, ಇಬ್ಬರು ಅಲ್ಲವೆಂದರು. 1897ರ ಜ್ಯೂರಿಯ ರಚನೆ ಆರು–ಮೂರು, ತೀರ್ಪೂ ಆರು–ಮೂರು. 1908ರ ರಚನೆ ಏಳು–ಎರಡು, ತೀರ್ಪೂ ಏಳು–ಎರಡು. ಇಪ್ಪತ್ತೊಂದು ಗಂಟೆಗಳ ವಾದವು ಒಂದೇ ಒಂದು ಕುರ್ಚಿಯ ಮನಸ್ಸನ್ನೂ ತಿರುಗಿಸಲಿಲ್ಲವೇ ಎಂದು ಈ ಅಂಕಿಗಳನ್ನು ಕಂಡಾಗ ನಮಗೆ ಅನ್ನಿಸದೆ ಇರದು. ಆರು ವರ್ಷಗಳ ದ್ವೀಪಾಂತರ ಮತ್ತು ಒಂದು ಸಾವಿರ ರೂಪಾಯಿ ದಂಡದ ಶಿಕ್ಷೆ ಘೋಷಣೆಯಾಯಿತು. ಮರುದಿನ ಅವರ ಐವತ್ತೆರಡನೆಯ ಹುಟ್ಟುಹಬ್ಬ. ಶಿಕ್ಷೆಗೆ ಮೊದಲು ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, ಜ್ಯೂರಿಯ ತೀರ್ಪಿಗಿಂತ ಮೇಲಿನ ಶಕ್ತಿಯೊಂದುಂಟೆಂಬ ಅರ್ಥದ ಕೆಲವೇ ಮಾತುಗಳನ್ನು ಅವರು ಆಡಿದರು. ಹೊರಗೆ ಮುಂಬಯಿಯ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನದಂತೆ ಆರು ದಿನ ಗಿರಣಿಗಳು ಸ್ತಬ್ಧವಾದವು. ಲಂಡನ್ನಿನಲ್ಲಿ ಆಗ ಪ್ರಧಾನಮಂತ್ರಿಯಾಗಿದ್ದವರು ಹಿಂದೆ ತಿಲಕರ ವಕೀಲರಾಗಿದ್ದ ಅದೇ ಆಸ್ಕ್ವಿತ್.

ಶಿಕ್ಷೆಯು ಸಾದಾ ಸೆರೆಯಾಗಿ ಮಾರ್ಪಟ್ಟು, ಅವರನ್ನು ಬರ್ಮಾದ ಮಂಡಾಲೆಗೆ ಕಳುಹಿಸಿದರು. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿಯವರು ಪುಣೆಯಲ್ಲಿ ತೀರಿಕೊಂಡಾಗ ಅವರು ಆ ಕೋಣೆಯಲ್ಲಿಯೇ ಇದ್ದರು. ಅಲ್ಲಿ ಪೆನ್ಸಿಲಿನಿಂದ ಬರೆದ ಗೀತಾರಹಸ್ಯವು 1915ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ಕರ್ನಾಟಕ ಕುಲಪುರೋಹಿತ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಭಾಷಾಂತರದಿಂದ ಸೆರೆಮನೆ ಸೇರಿದ ಲೇಖಕರನ್ನು ಇನ್ನೊಂದು ಭಾಷಾಂತರವು ಕನ್ನಡಿಗರ ಮನೆಮನೆಗೆ ತಲುಪಿಸಿತು.

1914ರಲ್ಲಿ ಬಿಡುಗಡೆಯಾಗಿ ಬಂದ ತಿಲಕರು ಎರಡು ವರ್ಷಗಳಲ್ಲಿ ಮತ್ತೆ ಕಟಕಟೆಗೆ ಬಂದರು. ಈ ಸಲದ ಕಾರಣ ನಮ್ಮ ಸೀಮೆಗೆ ಹತ್ತಿರದ್ದು. 1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಹುಟ್ಟಿತು. ಗಂಗಾಧರರಾವ ದೇಶಪಾಂಡೆಯವರಂತಹ ಅನುಯಾಯಿಗಳಿದ್ದ ಆ ಊರಿನಲ್ಲಿ ಮೇ 1ರಂದು ಮಾಡಿದ ಭಾಷಣ ಮತ್ತು ಆ ಬಳಿಕ ಅಹಮದನಗರದಲ್ಲಿ ಮಾಡಿದ ಎರಡು ಭಾಷಣಗಳ ಮೇಲೆ ಸರ್ಕಾರವು ಕ್ರಮ ಕೈಕೊಂಡಿತು. ಅರವತ್ತು ತುಂಬಿದ ದಿನವೇ ನೋಟೀಸು ಕೈಗೆ ಬಂದಿತು. ಒಂದು ವರ್ಷದ ಸನ್ನಡತೆಗಾಗಿ ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆಯನ್ನೂ, ತಲಾ ಹತ್ತು ಸಾವಿರದ ಇಬ್ಬರು ಜಾಮೀನುದಾರರನ್ನೂ ಮ್ಯಾಜಿಸ್ಟ್ರೇಟರು ಕೇಳಿದರು. ಹೈಕೋರ್ಟಿನಲ್ಲಿ ಜಿನ್ನಾ ಅವರು ವಾದಿಸಿದರು. ಇಲ್ಲಿ ಜ್ಯೂರಿ ಇರಲಿಲ್ಲ. ನ್ಯಾಯಮೂರ್ತಿಗಳಾದ ಬ್ಯಾಚೆಲರ್ ಮತ್ತು ಲಲ್ಲುಭಾಯಿ ಶಾಹ ಅವರು ಭಾಷಣಗಳನ್ನು ಅಲ್ಲೊಂದು ಇಲ್ಲೊಂದು ವಾಕ್ಯ ಕಿತ್ತು ನೋಡದೆ ಸಮಗ್ರವಾಗಿ ಓದಿ, ನವೆಂಬರ್ 9ರಂದು ಆ ಆಜ್ಞೆಯನ್ನು ರದ್ದುಗೊಳಿಸಿದರು. ಎಂಟು ವರ್ಷಗಳ ಹಿಂದೆ ತಿಲಕರು ಪಂಚರಿಂದ ಬೇಡಿದ್ದು ಇಂತಹ ಓದನ್ನೇ.

ಕೊನೆಯ ಜ್ಯೂರಿ ಲಂಡನ್ನಿನದು. ತಮ್ಮನ್ನು ಭಾರತದ ಅಶಾಂತಿಯ ಜನಕನೆಂದು ಬರೆದ ವ್ಯಾಲೆಂಟೈನ್ ಚಿರೋಲ್ ಮೇಲೆ ತಿಲಕರು ಮಾನನಷ್ಟದ ದಾವೆ ಹೂಡಿದರು. 1919ರ ಆರಂಭದಲ್ಲಿ ನಡೆದ ವಿಚಾರಣೆಯಲ್ಲಿ ತಿಲಕರ ಪರ ಜಾನ್ ಸೈಮನ್, ಎದುರಿಗೆ ಎಡ್ವರ್ಡ್ ಕಾರ್ಸನ್. ಪಾಟೀಸವಾಲು ಮಾಡುತ್ತಿದ್ದವರು ಈಗ ಪಾಟೀಸವಾಲಿಗೆ ಗುರಿಯಾದರು. ಹಳೆಯ ಶಿಕ್ಷೆಗಳನ್ನು, ಹಳೆಯ ಲೇಖನಗಳನ್ನು ಕಾರ್ಸನ್ ಒಂದೊಂದಾಗಿ ಅವರ ಮುಂದಿಟ್ಟರು. ಇಂಗ್ಲಿಷ್ ಪಂಚರು ಚಿರೋಲ್ ಪರವಾಗಿ ತೀರ್ಪಿತ್ತರು. ಅಪಾರ ಖರ್ಚಿನ ಭಾರ ಮೈಮೇಲೆ ಬಿದ್ದಿತು. ಜನರು ವಂತಿಗೆ ಕೂಡಿಸಿ ಆ ಭಾರವನ್ನು ಹಂಚಿಕೊಂಡರು. ಮರು ವರ್ಷ, 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ಲೋಕಮಾನ್ಯರು ದೇಹವಿಟ್ಟರು.

1897, 1908, 1919 — ಈ ಮೂರು ದೊಡ್ಡ ಮೊಕದ್ದಮೆಗಳಲ್ಲಿ ಜ್ಯೂರಿಯ ಮುಂದೆ ನಿಂತ ತಿಲಕರು ಮೂರರಲ್ಲಿಯೂ ಸೋತರು. ಇದರಿಂದ ಜ್ಯೂರಿ ಪದ್ಧತಿಯೇ ಕೆಟ್ಟದ್ದೆಂದು ನಾವು ತೀರ್ಮಾನಿಸಬಾರದು. ಅದರ ಹಿರಿಮೆಯನ್ನು ಅವರೇ ಕಟಕಟೆಯಲ್ಲಿ ನಿಂತು ಹೇಳಿದ್ದರು. ದೋಷವಿದ್ದದ್ದು ಆಯ್ಕೆಯಲ್ಲಿ. ಆರೋಪಿಯ ಸಮಾನರು ತೀರ್ಮಾನಿಸಬೇಕೆಂಬುದು ಜ್ಯೂರಿಯ ಮೂಲತತ್ತ್ವ. ಆರೋಪಿಯ ಭಾಷೆಯನ್ನೇ ಅರಿಯದವರು ಸಮಾನರಾಗುವುದು ಹೇಗೆ? ಸ್ವತಂತ್ರ ಭಾರತದಲ್ಲಿ ಜ್ಯೂರಿಯು ಕ್ರಮೇಣ ಮರೆಯಾಗಿ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿಲ್ಲದಾಯಿತು. ಆದರೆ ಆ ಪ್ರಶ್ನೆ ಮರೆಯಾಗಿಲ್ಲ. ಇಂದಿಗೂ ನಮ್ಮ ಹಳ್ಳಿಯ ಮುದುಕಿಯೊಬ್ಬಳು ಕಚೇರಿಯಲ್ಲಿ ಕನ್ನಡದಲ್ಲಿ ಹೇಳಿದ ಮಾತನ್ನು ಗುಮಾಸ್ತರು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಮೇಲಿನವರು ಅದನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಮೂರು ಮೆಟ್ಟಿಲು ಹತ್ತುವುದರೊಳಗೆ ಅವಳ ಮಾತಿನಲ್ಲಿ ಎಷ್ಟು ಉಳಿಯಿತೆಂಬುದನ್ನು ಎರಡೂ ಭಾಷೆ ಬಲ್ಲವರು ಮಾತ್ರ ಹೇಳಬಲ್ಲರು.

ತಿಲಕರು ಶಿಕ್ಷೆಗೆ ಮೊದಲು ಆಡಿದ ಮಾತುಗಳನ್ನು ಮುಂಬಯಿ ಹೈಕೋರ್ಟಿನ ಅದೇ ಕೋಣೆಯ ಹೊರಗೆ ಕಲ್ಲಿನಲ್ಲಿ ಕೆತ್ತಿಸಿ, 1956ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಅನಾವರಣಗೊಳಿಸಿದರು. ದೋಷಿಯೆಂದ ನ್ಯಾಯಾಲಯವೇ ನಲವತ್ತೆಂಟು ವರ್ಷಗಳ ತರುವಾಯ ಆ ಮಾತಿಗೆ ತನ್ನ ಗೋಡೆಯಲ್ಲಿ ಸ್ಥಳ ಕೊಟ್ಟಿತು. ನೂರು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಬಂದವರಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ, ಕಚೇರಿಗಳಲ್ಲಿ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ಬರೆದುಕೊಡುವವರಿದ್ದಾರೆ. ಕನ್ನಡದಲ್ಲಿ ಕಲಿತು ಮರಾಠಿಯನ್ನೂ ಇಂಗ್ಲಿಷನ್ನೂ ಒಲಿಸಿಕೊಂಡ ಅವರು, ಇನ್ನೊಬ್ಬರ ಮಾತನ್ನು ಕೈಗೆತ್ತಿಕೊಂಡಾಗಲೆಲ್ಲ 1908ರ ಆ ಒಂಬತ್ತು ಕುರ್ಚಿಗಳನ್ನು ನೆನೆಯಲಿ. ಮಾತನ್ನು ಅದರ ಹುಟ್ಟುಭಾಷೆಯಲ್ಲಿ ಕೇಳಬಲ್ಲ ಒಬ್ಬರಾದರೂ ಅಲ್ಲಿ ಇರಲಿ ಎಂಬುದಕ್ಕಾಗಿಯೇ ನಮ್ಮ ಹಿರಿಯರು ಗಡಿಯಲ್ಲಿ ಈ ಶಾಲೆಯನ್ನು ಕಾಪಾಡಿಕೊಂಡು ಬಂದರೆಂದು ನಾವು ನಂಬಿದ್ದೇವೆ.